ಸಾಕುನಾಯಿಗೆ ಹುಚ್ಚುರೋಗದ ಲಸಿಕೆ : ಗ್ರಾಮಸ್ಥರು ತಿಳಿದಿರಬೇಕಾದ ವಿಷಯಗಳು

ಇಸಳೂರು ಮೊದಲಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಗ್ರಾಮಗಳಲ್ಲಿ ನಾಯಿಯನ್ನು ಸಾಕದ ಮನೆ ವಿರಳವೆಂದೇ ಹೇಳಬಹುದು. ತೋಟದ ಅಂಚಿನಲ್ಲಿ ಒಂದಕ್ಕೊಂದು ದೂರವಾಗಿ ನಿಂತಿರುವ ಮನೆಗಳಿಗೆ ರಾತ್ರಿಯ ಕಾವಲು ನಾಯಿಯದೇ. ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸುವುದೂ, ಗದ್ದೆಗೆ ಇಳಿಯುವ ಕಾಡುಹಂದಿಯ ಸುಳಿವನ್ನು ಕೊಡುವುದೂ, ಬೆಟ್ಟಕ್ಕೆ ಹೋದ ದನಗಳ ಹಿಂದೆ ನಡೆಯುವುದೂ ಅದೇ. ಇಷ್ಟು ಉಪಯುಕ್ತವಾದ ಪ್ರಾಣಿಯಾದರೂ ಅದರ ಆರೋಗ್ಯದ ಕಡೆಗೆ ಮನೆಯ ಯಜಮಾನನ ಲಕ್ಷ್ಯ ಹೋಗುವುದು ಅಪರೂಪ. ದನಕರುಗಳಿಗೆ ಕಾಲುಬಾಯಿ ಬೇನೆಯ ಚುಚ್ಚುಮದ್ದನ್ನು ತಪ್ಪದೆ ಹಾಕಿಸುವ ರೈತನೂ ನಾಯಿಯ ಲಸಿಕೆಯನ್ನು ಅನಾವಶ್ಯಕವಾದ ಖರ್ಚೆಂದು ಎಣಿಸುವುದುಂಟು. ಈ ಎಣಿಕೆಯು ತಪ್ಪು. ನಾಯಿಗೆ ಹಾಕಿಸಿದ ಲಸಿಕೆಯು ನಾಯಿಯೊಂದನ್ನೇ ಅಲ್ಲದೆ ಮನೆಯ ಮಕ್ಕಳನ್ನೂ, ಕೊಟ್ಟಿಗೆಯ ಹಸುವನ್ನೂ, ನೆರೆಮನೆಯವರನ್ನೂ ಕಾಯುತ್ತದೆ. ಅದು ಹೇಗೆಂಬುದನ್ನೂ, ಅದಕ್ಕಾಗಿ ಊರಿನವರು ಮಾಡತಕ್ಕ ಕೆಲಸವೇನೆಂಬುದನ್ನೂ ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

ರೋಗದ ಸ್ವರೂಪ

ಹುಚ್ಚುನಾಯಿ ರೋಗ ಅಥವಾ ರೇಬಿಸ್ ಎಂಬುದು ಕಣ್ಣಿಗೆ ಕಾಣದ ಅತಿ ಸೂಕ್ಷ್ಮವಾದ ವೈರಾಣುವಿನಿಂದ ಉಂಟಾಗುವ ರೋಗ. ಬಿಸಿಲಿನ ತಾಪದಿಂದ ನಾಯಿಗೆ ಹುಚ್ಚು ಹಿಡಿಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ವರ್ಷದ ಯಾವ ತಿಂಗಳಿನಲ್ಲಾದರೂ ಈ ರೋಗ ಬರಬಹುದು. ರೋಗವುಳ್ಳ ಪ್ರಾಣಿಯ ಜೊಲ್ಲಿನಲ್ಲಿ ವೈರಾಣುವಿರುತ್ತದೆ. ಆ ಪ್ರಾಣಿಯು ಕಚ್ಚಿದಾಗ, ಪರಚಿದಾಗ, ಅಥವಾ ಅದರ ಜೊಲ್ಲು ತರಚಿದ ಗಾಯಕ್ಕೂ ಕಣ್ಣು ಬಾಯಿಗಳಿಗೂ ತಗಲಿದಾಗ ವೈರಾಣುವು ದೇಹವನ್ನು ಸೇರುತ್ತದೆ. ಅಲ್ಲಿಂದ ಅದು ನರಗಳ ಮಾರ್ಗವಾಗಿ ಮೆಲ್ಲಮೆಲ್ಲನೆ ಮಿದುಳಿನ ಕಡೆಗೆ ಸಾಗುತ್ತದೆ. ಮನುಷ್ಯರಲ್ಲಿ ಈ ಪ್ರಯಾಣಕ್ಕೆ ಸಾಧಾರಣವಾಗಿ ಎರಡು ಮೂರು ತಿಂಗಳು ಹಿಡಿಯುವುದುಂಟು. ಕೆಲವು ವೇಳೆ ಒಂದೇ ವಾರ, ಕೆಲವು ವೇಳೆ ಒಂದು ವರ್ಷ. ಕಚ್ಚಿದ ಸ್ಥಳವು ತಲೆಗೆ ಸಮೀಪವಾದಷ್ಟೂ ಕಾಲ ಕಡಮೆ. ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರದಲ್ಲಿಯೇ ಇರುವುದರಿಂದ ಅವರಿಗೆ ಅಪಾಯ ಹೆಚ್ಚು.

ವೈರಾಣುವು ಮಿದುಳನ್ನು ಸೇರಿ ರೋಗದ ಚಿಹ್ನೆಗಳು ತೋರಿದ ಮೇಲೆ ಅದನ್ನು ಗುಣಪಡಿಸುವ ಔಷಧವಿಲ್ಲ. ಮನುಷ್ಯನಾಗಲಿ, ನಾಯಿಯಾಗಲಿ, ಹಸುವಾಗಲಿ, ಮರಣವೇ ಗತಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನರು ಈ ರೋಗದಿಂದ ಸಾಯುವರೆಂದು ಅಂದಾಜು ಮಾಡಲಾಗಿದೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಅದು ನಾಯಿಯಿಂದಲೇ ತಗಲಿದ್ದು. ಆದರೆ ಇಷ್ಟು ಭಯಂಕರವಾದ ರೋಗವೇ ಇಷ್ಟು ಸುಲಭವಾಗಿ ತಡೆಯಲು ಸಾಧ್ಯವಾದದ್ದೂ ಆಗಿದೆ. ಚಿಹ್ನೆಗಳು ತೋರುವ ಮುನ್ನ ಮಾಡಿದ ಉಪಾಯವೆಲ್ಲವೂ ಫಲಿಸುವುದು. ತೋರಿದ ಮೇಲೆ ಮಾಡಿದ ಯಾವ ಉಪಾಯವೂ ಫಲಿಸದು. ಈ ಒಂದು ಮಾತನ್ನು ರೈತರು ಚೆನ್ನಾಗಿ ಮನದಟ್ಟು ಮಾಡಿಕೊಳ್ಳತಕ್ಕದ್ದು.

ನಾಯಿಯಲ್ಲಿ ರೋಗದ ಗುರುತುಗಳು

ಹುಚ್ಚು ಹಿಡಿದ ನಾಯಿಯೆಂದರೆ ಬಾಯಿಂದ ನೊರೆ ಸುರಿಸುತ್ತ ಕಂಡಕಂಡವರನ್ನು ಕಚ್ಚುತ್ತ ಓಡುವ ನಾಯಿಯೆಂದೇ ಸಾಮಾನ್ಯವಾಗಿ ತಿಳಿಯಲಾಗಿದೆ. ಇದು ರೋಗದ ಒಂದು ಬಗೆ ಮಾತ್ರ. ಮೊದಲ ಒಂದೆರಡು ದಿವಸ ನಾಯಿಯ ಸ್ವಭಾವ ಬದಲಾಗುವುದು. ಸದಾ ಯಜಮಾನನ ಹಿಂದೆಯೇ ಇರುವ ನಾಯಿ ಕತ್ತಲೆಯ ಮೂಲೆಯನ್ನು ಹುಡುಕುವುದು. ದೂರವೇ ಇರುತ್ತಿದ್ದ ನಾಯಿ ಅತಿಯಾಗಿ ಮೈಮೇಲೆ ಬೀಳುವುದು. ಅನಂತರ ಕೋಲು, ಕಲ್ಲು, ಸರಪಳಿಗಳನ್ನು ಕಚ್ಚುವುದು, ಧ್ವನಿ ಒಡೆಯುವುದು, ಮನೆ ಬಿಟ್ಟು ಹರದಾರಿಗಟ್ಟಲೆ ಅಲೆಯುವುದು.

ಎರಡನೆಯ ಬಗೆಯು ಮೂಕಹುಚ್ಚು. ಇದೇ ಹೆಚ್ಚು ಮೋಸಮಾಡತಕ್ಕದ್ದು. ಇದರಲ್ಲಿ ನಾಯಿಯು ಯಾರ ಮೇಲೂ ಎರಗದೆ ಇರಬಹುದು. ಕೆಳದವಡೆ ಜೋತುಬಿದ್ದು ಬಾಯಿ ತೆರೆದೇ ಇರುವುದು; ಜೊಲ್ಲು ಸುರಿಯುವುದು; ನೀರನ್ನಾಗಲಿ ಅನ್ನವನ್ನಾಗಲಿ ನುಂಗಲಾರದು. ಗಂಟಲಿನಲ್ಲಿ ಎಲುಬು ಸಿಕ್ಕಿಕೊಂಡಿದೆಯೆಂದು ಮನೆಯವರು ಭಾವಿಸಿ, ಅದನ್ನು ತೆಗೆಯಲು ಕರುಣೆಯಿಂದ ಬಾಯಿಗೆ ಕೈ ಹಾಕುವರು. ನಾಯಿ ಕಚ್ಚದಿದ್ದರೂ ಬೆರಳಿನ ಸಣ್ಣ ಸೀಳಿನ ಮೂಲಕ ವೈರಾಣುವು ಒಳಹೊಗಲು ಅಷ್ಟೇ ಸಾಕು. ಅಡಿಕೆ ಸುಲಿಯುವ, ಸೊಪ್ಪು ಕಡಿಯುವ ಕೈಗಳಲ್ಲಿ ಗಾಯವಿಲ್ಲದ ದಿನವೇ ಇಲ್ಲವಷ್ಟೆ. ಆದುದರಿಂದ ದವಡೆ ಜೋತುಬಿದ್ದ, ನುಂಗಲಾರದ, ಜೊಲ್ಲು ಸುರಿಸುವ ನಾಯಿಯ ಬಾಯಿಗೆ ಯಾರೂ ಕೈ ಹಾಕಕೂಡದು. ಅದನ್ನು ಕೋಣೆಯೊಂದರಲ್ಲಿ ಕೂಡಿಹಾಕಿ, ಮಕ್ಕಳನ್ನು ದೂರವಿರಿಸಿ, ಪಶುವೈದ್ಯರಿಗೆ ಸುದ್ದಿ ಮುಟ್ಟಿಸತಕ್ಕದ್ದು.

ದನಕರುಗಳಲ್ಲಿ ರೋಗ

ಬೆಟ್ಟಕ್ಕೆ ಮೇಯಲು ಹೋದ ಹಸುವನ್ನು ಹುಚ್ಚುನಾಯಿಯಾಗಲಿ, ರೋಗ ತಗಲಿದ ನರಿಯಾಗಲಿ ಕಚ್ಚಿದ್ದು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಗಾಯ ಮಾಯ್ದು ಮರೆತೇಹೋದ ಮೇಲೆ ಒಂದು ದಿನ ಹಸು ಮೇವು ಬಿಡುವುದು, ಹಾಲು ಬತ್ತುವುದು, ಒಡೆದ ಧ್ವನಿಯಲ್ಲಿ ಬಿಡುವಿಲ್ಲದೆ ಕೂಗುವುದು, ಜೊಲ್ಲು ಸುರಿಸುವುದು, ಹಿಂಗಾಲು ತೂರಾಡುವುದು. ಇಲ್ಲಿಯೂ ಮೇಲೆ ಹೇಳಿದ ತಪ್ಪೇ ನಡೆಯುತ್ತದೆ. ಹಲಸಿನ ಬೀಜವೋ ಮಾವಿನ ಗೊರಟೆಯೋ ಗಂಟಲಿಗೆ ಸಿಕ್ಕಿತೆಂದು ಯಜಮಾನನು ಮೊಳಕೈವರೆಗೆ ಕೈಯನ್ನು ಒಳಕ್ಕೆ ತೂರಿಸುವನು. ನೆರೆಯವರು ನಾಲಗೆ ಹಿಡಿಯುವರು. ಗೊಟ್ಟದಲ್ಲಿ ಕಷಾಯ ಹೊಯ್ಯುವರು. ಹಸು ಸತ್ತ ಬಳಿಕ ಅದಕ್ಕೆ ಬಂದದ್ದು ಹುಚ್ಚುರೋಗವೆಂದು ಗೊತ್ತಾದರೆ, ಆ ಒಂದು ಹಸುವಿನಿಂದ ನಾಲ್ಕಾರು ಮಂದಿ ಚುಚ್ಚುಮದ್ದು ತೆಗೆದುಕೊಳ್ಳಬೇಕಾಗುತ್ತದೆ. ಗೊತ್ತಾಗದಿದ್ದರೆ ಅವರ ಪ್ರಾಣವೇ ಅಪಾಯದಲ್ಲಿರುತ್ತದೆ.

ಇಂತಹ ಹಸುವಿನ ಹಾಲನ್ನು ಉಪಯೋಗಿಸಕೂಡದು. ಹಾಲಿನ ಸಂಘಕ್ಕೆ ಹಾಕಲೂಕೂಡದು. ಚೆನ್ನಾಗಿ ಕುದಿಸಿದ ಹಾಲನ್ನು ಮೊದಲೇ ಕುಡಿದಿದ್ದವರು ಹೆದರಬೇಕಾದ ಕಾರಣವಿಲ್ಲ. ಪಂಚಾಮೃತ ಮೊದಲಾದುವುಗಳಲ್ಲಿ ಹಸಿಯ ಹಾಲನ್ನು ಸೇವಿಸಿದವರು ವೈದ್ಯರ ಸಲಹೆಯನ್ನು ಪಡೆಯತಕ್ಕದ್ದು. ಹುಚ್ಚುನಾಯಿ ಕಚ್ಚಿದ್ದು ಕಂಡುಬಂದ ದನಕ್ಕೆ ಅದೇ ದಿನ ಗಾಯ ತೊಳೆದು ಪಶುವೈದ್ಯರಿಂದ ಲಸಿಕೆಯನ್ನು ಆರಂಭಿಸಿದಲ್ಲಿ ಅದನ್ನು ಉಳಿಸಿಕೊಳ್ಳುವ ಅವಕಾಶವುಂಟು. ಮೇವು ಬಿಟ್ಟ ಮೇಲೆ ಕರೆದರೆ ವೈದ್ಯರು ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ.

ಕಚ್ಚಿದೊಡನೆ ಮಾಡತಕ್ಕದ್ದು

ನಾಯಿ ಅಥವಾ ಬೆಕ್ಕು ಮನುಷ್ಯನನ್ನು ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ಣ 15 ನಿಮಿಷಗಳ ಕಾಲ ತೊಳೆಯತಕ್ಕದ್ದು. ಇದು ಸಣ್ಣ ಕೆಲಸವೆಂದು ತೋರಬಹುದು. ಆದರೆ ವೈರಾಣುವಿನ ಹೊರಪದರವು ಕೊಬ್ಬಿನಿಂದಾದದ್ದು. ಸಾಬೂನು ಅದನ್ನು ಕರಗಿಸಿ ವೈರಾಣುವನ್ನು ನಾಶಮಾಡುತ್ತದೆ. ಹತ್ತು ಮೈಲು ದೂರದ ಆಸ್ಪತ್ರೆಯನ್ನು ಮುಟ್ಟುವ ಮೊದಲೇ ಮನೆಯ ಬಾವಿಕಟ್ಟೆಯಲ್ಲಿ ಮಾಡಬಹುದಾದ ಚಿಕಿತ್ಸೆಯಿದು. ತೊಳೆದ ಬಳಿಕ ಅಯೋಡಿನ್ ದ್ರಾವಣವಿದ್ದರೆ ಹಚ್ಚಬಹುದು. ಸುಣ್ಣ, ಮೆಣಸಿನಪುಡಿ, ಅರಿಸಿನ, ಎಲೆಯ ರಸ, ಕಾಯಿಸಿದ ಕಬ್ಬಿಣ ಇವುಗಳನ್ನು ಸರ್ವಥಾ ಪ್ರಯೋಗಿಸಕೂಡದು. ಗಾಯವನ್ನು ಬಿಗಿಯಾಗಿ ಕಟ್ಟಕೂಡದು.

ಅನಂತರ ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಚುಚ್ಚುಮದ್ದನ್ನು ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, 3ನೆಯ, 7ನೆಯ ಮತ್ತು 28ನೆಯ ದಿನಗಳಲ್ಲಿಯೂ, ಮಾಂಸಖಂಡಕ್ಕೆ ಕೊಡುವ ಕ್ರಮದಲ್ಲಿ ಇವುಗಳೊಂದಿಗೆ 14ನೆಯ ದಿನವೂ ಕೊಡಲಾಗುತ್ತದೆ. ಇಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸತಕ್ಕದ್ದು. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿವಿಷವನ್ನೂ ಕೊಡಿಸಬೇಕು. ಏಕೆಂದರೆ ಲಸಿಕೆಯ ಬಲ ದೇಹದಲ್ಲಿ ಹುಟ್ಟುವುದಕ್ಕೆ ಒಂದೆರಡು ವಾರ ಬೇಕಾಗುವುದು. ಆ ಅವಧಿಯಲ್ಲಿ ವೈರಾಣುವನ್ನು ತಡೆದು ನಿಲ್ಲಿಸುವುದು ಈ ಪ್ರತಿವಿಷವೇ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಈ ಚಿಕಿತ್ಸೆಯನ್ನು ನಿಸ್ಸಂಶಯವಾಗಿ ಕೊಡಬಹುದು. ನಡುವೆ ನಿಲ್ಲಿಸಕೂಡದು.

ಹಳ್ಳಿಗಳಲ್ಲಿ ಹಿರಿಯರು ಇಂದಿಗೂ ನಾಯಿ ಕಡಿತವೆಂದರೆ ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದೆಂದು ಹೆದರಿ ನಾಟಿ ಔಷಧದ ಕಡೆಗೆ ತಿರುಗುವುದುಂಟು. ಆ ಭಯಕ್ಕೆ ಹಿಂದೆ ಕಾರಣವಿತ್ತು. 1885ನೆಯ ಜುಲೈ ತಿಂಗಳಿನಲ್ಲಿ ಲೂಯಿ ಪಾಶ್ಚರ್ ಮಹಾಶಯರು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಲಸಿಕೆ ಕೊಟ್ಟು ಬದುಕಿಸಿದರು. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಇದಕ್ಕಾಗಿ ಸಂಸ್ಥೆಗಳು ಸ್ಥಾಪಿತವಾದವು. ಪ್ರಾಣಿಯ ನರಾಂಶದಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯನ್ನು ಹೊಟ್ಟೆಗೆ ಚುಚ್ಚಲಾಗುತ್ತಿತ್ತು. ನೋವು ಹೆಚ್ಚು, ಕೆಲವರಿಗೆ ಬಾಧೆಯೂ ಉಂಟಾಗುತ್ತಿತ್ತು. 2004ರ ಕೊನೆಯಲ್ಲಿ ಭಾರತದಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಲಾಯಿತು. ಈಗಿನ ಲಸಿಕೆಯನ್ನು ತೋಳಿಗೆ ಕೊಡುವರು, ನೋವು ಅಲ್ಪ. ಹೊಟ್ಟೆಯ ಚುಚ್ಚುಮದ್ದಿಗೆ ಹೆದರಿ ಯಾರಾದರೂ ಮನೆಯಲ್ಲಿ ಕುಳಿತರೆ, ಇಲ್ಲದ ಔಷಧಕ್ಕೆ ಹೆದರಿ ಇರುವ ಪ್ರಾಣವನ್ನು ಕಳೆದುಕೊಂಡಂತೆ ಆಗುವುದು.

ಕಚ್ಚಿದ ನಾಯಿಯನ್ನು ಕೊಲ್ಲಕೂಡದು

ನಾಯಿ ಕಚ್ಚಿತೆಂಬ ಕೂಗು ಎದ್ದೊಡನೆ ದೊಣ್ಣೆ ಹಿಡಿದು ಓಡುವುದು ಊರಿನ ವಾಡಿಕೆ. ಇದು ಕಾನೂನಿಗೆ ವಿರುದ್ಧವಾದುದಲ್ಲದೆ ಕಚ್ಚಿಸಿಕೊಂಡವನಿಗೇ ನಷ್ಟಕರವಾದುದು. ನಾಯಿಯ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ವೈರಾಣು ಬಂದ ಮೇಲೆ ಆ ಪ್ರಾಣಿಯು ಹತ್ತು ದಿವಸಗಳೊಳಗೆ ರೋಗದ ಗುರುತುಗಳನ್ನು ತೋರಿಸಿ ಸಾಯುತ್ತದೆ. ಆದುದರಿಂದ ಕಚ್ಚಿದ ನಾಯಿಯನ್ನು ಕಟ್ಟಿ, ದೂರದಿಂದ ಅನ್ನನೀರು ಕೊಟ್ಟು, ಹತ್ತು ದಿವಸ ನೋಡತಕ್ಕದ್ದು. ಹತ್ತನೆಯ ದಿವಸವೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದಕ್ಕೆ ಈ ರೋಗವಿರಲಿಲ್ಲವೆಂದು ನಿಶ್ಚಯ. ಮುಂದಿನ ಚುಚ್ಚುಮದ್ದುಗಳ ವಿಷಯವನ್ನು ವೈದ್ಯರು ತೀರ್ಮಾನಿಸುವರು. ನಾಯಿಯನ್ನು ಹೊಡೆದು ಕೊಂದು ಹೂತವರಿಗೆ ಈ ನಿಶ್ಚಯವು ಎಂದಿಗೂ ದೊರೆಯದು.

ಆದರೆ ಹತ್ತು ದಿವಸ ಕಾಯುವುದು ನಾಯಿಯ ವಿಷಯಕ್ಕೆ ಮಾತ್ರ. ಮನುಷ್ಯನ ಚಿಕಿತ್ಸೆಯನ್ನು ಅದೇ ದಿನ ಆರಂಭಿಸತಕ್ಕದ್ದು. ಈ ಹತ್ತು ದಿವಸದ ನಿಯಮವು ನರಿ, ಮುಂಗಸಿ ಮೊದಲಾದ ಕಾಡುಪ್ರಾಣಿಗಳಿಗೆ ಸಲ್ಲದು. ಕಟ್ಟಿಹಾಕಿದ ನಾಯಿ ಸತ್ತರೆ ಅದನ್ನು ಹೂಳುವ ಮೊದಲು ಪಶುವೈದ್ಯರಿಗೆ ತಿಳಿಸಬೇಕು. ಅವರು ಮಿದುಳಿನ ಅಂಶವನ್ನು ತೆಗೆದು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವಂತಹ ಪ್ರಯೋಗಶಾಲೆಗೆ ಪರೀಕ್ಷೆಗಾಗಿ ಕಳುಹಿಸಬಲ್ಲರು. ಆ ಕೆಲಸಕ್ಕೆ ಗ್ರಾಮಸ್ಥರು ಕೈ ಹಾಕಕೂಡದು.

ಹತ್ತರಲ್ಲಿ ಏಳು

ಮೇಲೆ ಹೇಳಿದುದೆಲ್ಲವೂ ಅಪಾಯ ಸಂಭವಿಸಿದ ಮೇಲಿನ ಮಾತಾಯಿತು. ಅಪಾಯವೇ ಬಾರದಂತೆ ಮಾಡುವ ಮಾರ್ಗವು ನಾಯಿಗಳ ಲಸಿಕೆ. ಊರಿನ ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆಯಾದರೆ ರೋಗವು ಒಂದು ನಾಯಿಯಿಂದ ಇನ್ನೊಂದಕ್ಕೆ ಹಬ್ಬಲು ದಾರಿ ಸಾಲದೆ ತಾನಾಗಿಯೇ ನಂದುವುದೆಂದು ಅನುಭವದಿಂದ ಕಂಡುಬಂದಿದೆ. ಮೂರಕ್ಕೆ ಮಾತ್ರ ಆದರೆ ಆ ಮೂರು ಉಳಿಯಬಹುದು, ಊರು ಉಳಿಯದು. ತನ್ನ ಬೇಲಿಯನ್ನು ತಾನೊಬ್ಬನೇ ಭದ್ರಪಡಿಸಿಕೊಂಡರೂ ನೆರೆಯವನ ಬೇಲಿ ಮುರಿದಿದ್ದರೆ ದನ ತೋಟಕ್ಕೆ ನುಗ್ಗುವಂತೆ, ಈ ವಿಷಯದಲ್ಲಿ ಊರೇ ಒಂದು ತೋಟವೆಂದು ತಿಳಿಯತಕ್ಕದ್ದು.

ನಾಯಿಗಳನ್ನು ಕೊಂದರೆ ರೋಗ ಹೋಗುವುದೆಂಬ ವಾದವುಂಟು. ಒಂದು ಊರಿನ ನಾಯಿಗಳನ್ನು ಕೊಂದಲ್ಲಿ ತೆರವಾದ ಸ್ಥಳಕ್ಕೆ ನೆರೆಯೂರಿನ ನಾಯಿಗಳು ಬರುತ್ತವೆ. ಲಸಿಕೆಯಾದ ನಾಯಿಗಳೂ ಕೊಂದವುಗಳಲ್ಲಿ ಸೇರಿ ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಇದಕ್ಕೆ ಬದಲಾಗಿ, ನಮ್ಮ ಜಿಲ್ಲೆಯ ಗಡಿಯಾಚೆಯ ಗೋವೆಯಲ್ಲಿ 2013ರಿಂದ 2019ರ ವರೆಗೆ ಊರೂರಿನಲ್ಲಿಯೂ ಬೀದಿಬೀದಿಯಲ್ಲಿಯೂ ಸುಮಾರು ಒಂಬತ್ತೂವರೆ ಲಕ್ಷ ಲಸಿಕೆಗಳನ್ನು ನಾಯಿಗಳಿಗೆ ಹಾಕಲಾಯಿತು. ಶಾಲೆಯ ಮಕ್ಕಳಿಗೆ ರೋಗದ ವಿಷಯವನ್ನು ಬೋಧಿಸಲಾಯಿತು. ಪರಿಣಾಮವಾಗಿ 2018ರಿಂದ ಕೆಲವು ವರ್ಷಗಳ ಕಾಲ ಅಲ್ಲಿ ಈ ರೋಗದಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ. 2021ರಲ್ಲಿ ಗೋವೆಯನ್ನು ರೇಬಿಸ್ ನಿಯಂತ್ರಿತ ಪ್ರದೇಶವೆಂದು ಸಾರಲಾಯಿತು. ಮೆಕ್ಸಿಕೋ ದೇಶವು ಇದೇ ಮಾರ್ಗದಿಂದ 2019ರಲ್ಲಿ ನಾಯಿಗಳ ಮೂಲಕ ಬರುವ ಮಾನವ ರೇಬಿಸಿನಿಂದ ಮುಕ್ತವಾದುದೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು. ಗೋವೆಯ ಹವೆ, ಗೋವೆಯ ನಾಯಿ, ಗೋವೆಯ ಮನೆ ನಮ್ಮವುಗಳಿಗಿಂತ ಬೇರೆಯಲ್ಲ. ಅಲ್ಲಿ ಆದುದು ಇಲ್ಲಿಯೂ ಆಗಬಹುದು.

ಲಸಿಕೆಯ ದಿವಸ

ಪಶುವೈದ್ಯರೂ ಅವರ ಸಹಾಯಕರೂ ಊರಿಗೆ ಬರುವ ದಿವಸವು ಸಫಲವಾಗುವುದು ಊರಿನವರ ಸಿದ್ಧತೆಯಿಂದ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ಶೈತ್ಯದಲ್ಲಿಯೇ ಇಡಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದ ಸೀಸೆಗಳು ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾದರೆ ಗುಣ ಕೆಡುವುದು. ಆದುದರಿಂದ ಗೊತ್ತಾದ ವೇಳೆಗೆ, ದನಗಳನ್ನು ಬಿಡುವ ಮುಂಚೆ ಬೆಳಗಿನ ತಂಪಿನಲ್ಲಿ, ನೆರಳಿರುವ ಸ್ಥಳದಲ್ಲಿ ಎಲ್ಲರೂ ನಾಯಿಗಳೊಡನೆ ಸೇರತಕ್ಕದ್ದು. ಬೆಕ್ಕುಗಳನ್ನು ಬುಟ್ಟಿಯಲ್ಲಿಟ್ಟು ತರಬಹುದು.

ಪ್ರತಿಯೊಂದು ನಾಯಿಯನ್ನೂ ಅದಕ್ಕೆ ಅನ್ನ ಹಾಕುವ ವ್ಯಕ್ತಿಯೇ ತರಬೇಕು. ಹೊಸಬರ ಕೈಯಲ್ಲಿ ಸೌಮ್ಯವಾದ ನಾಯಿಯೂ ಕಚ್ಚುವುದುಂಟು. ಗಟ್ಟಿಯಾದ ಹಗ್ಗ ಅಥವಾ ಸರಪಳಿ ಇರಬೇಕು. ಮಕ್ಕಳ ಕೈಗೆ ಕೊಡಕೂಡದು. ಜಗಳವಾಗದಂತೆ ಒಂದು ನಾಯಿಗೂ ಇನ್ನೊಂದಕ್ಕೂ ನಾಲ್ಕಾರು ಮಾರು ಅಂತರವಿರಲಿ. ಕಚ್ಚುವ ಅಭ್ಯಾಸವುಳ್ಳ ನಾಯಿಗೆ ಒಂದೂವರೆ ಗಜದ ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಬಹುದು. ಪಟ್ಟಿಯಲ್ಲಿ ಸಡಿಲವಾದ ಕುಣಿಕೆ ಮಾಡಿ ಮೂತಿಗೆ ತೊಡಿಸಿ ಮೇಲೆ ಬಿಗಿದು, ತುದಿಗಳನ್ನು ದವಡೆಯ ಕೆಳಗೆ ಅಡ್ಡಹಾಯಿಸಿ, ಕಿವಿಗಳ ಹಿಂದೆ ಸುಲಭವಾಗಿ ಬಿಚ್ಚಬರುವ ಗಂಟು ಹಾಕಬೇಕು. ನಾಯಿಯು ಬಾಯಿಂದ ಏದುಸಿರು ಬಿಟ್ಟು ಮೈಯ ಬಿಸಿಯನ್ನು ಹೊರಹಾಕುವ ಪ್ರಾಣಿ. ಆದುದರಿಂದ ಚುಚ್ಚಿದೊಡನೆ ಕಟ್ಟು ಬಿಚ್ಚತಕ್ಕದ್ದು. ವಾಂತಿ ಮಾಡುವ, ಏದುಸಿರು ಬಿಡುವ ನಾಯಿಗೆ ಬಾಯಿ ಕಟ್ಟಲೇಕೂಡದು. ರೋಗಿಯಾದ ನಾಯಿಯಿದ್ದರೆ ಅದನ್ನು ಇತರ ನಾಯಿಗಳ ನಡುವೆ ತಾರದೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಚುಚ್ಚಿದ ಬಳಿಕ ಸುಮಾರು ಅರ್ಧ ಗಂಟೆ ಅಲ್ಲಿಯೇ ನಿಲ್ಲಿಸಿ ನೋಡುವುದು ಒಳ್ಳೆಯದು. ಮುಖ ಊದಿಕೊಂಡರೆ, ಕುಸಿದು ಬಿದ್ದರೆ ವೈದ್ಯರು ಕೂಡಲೆ ಚಿಕಿತ್ಸೆ ಮಾಡಬಲ್ಲರು; ಇಂತಹ ತೊಂದರೆ ಅಪೂರ್ವ. ಒಂದು ದಿನ ಮಂಕಾಗಿರುವುದು ಸಹಜ. ಸಾಧಾರಣವಾಗಿ ಮೂರು ತಿಂಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ವೈದ್ಯರು ಹೇಳಿದಂತೆ ಮರುಲಸಿಕೆ, ಅನಂತರ ವರ್ಷಕ್ಕೊಮ್ಮೆ ಲಸಿಕೆ ಎಂಬುದು ಕ್ರಮ. ಆದರೆ ಊರಿಗೆ ಊರೇ ಸೇರಿದ ದಿವಸ ಸಣ್ಣ ಮರಿಗಳನ್ನೂ ಮನೆಯಲ್ಲಿ ಬಿಡದೆ ತರತಕ್ಕದ್ದು. ಮಕ್ಕಳು ಹೆಚ್ಚಾಗಿ ಎತ್ತಿ ಆಡಿಸುವುದು ಮರಿಗಳನ್ನೇ. ಲಸಿಕೆಯ ದಿನಾಂಕವನ್ನು ಬರೆದ ಚೀಟಿಯನ್ನು ಪಹಣಿ ಪತ್ರಗಳೊಡನೆ ಜೋಪಾನವಾಗಿ ಇಡಬೇಕು.

ಮುಖಂಡರ ಕರ್ತವ್ಯ

ಊರಿನ ಮುಖಂಡರೂ ಪಂಚಾಯತಿಯ ಸದಸ್ಯರೂ ಈ ಕೆಲಸದಲ್ಲಿ ಮುಂದಾಗಬೇಕು. ಲಸಿಕೆಯ ದಿವಸಕ್ಕೆ ಒಂದು ವಾರ ಮುಂಚೆ ಕೇರಿಕೇರಿಗೂ ಹೋಗಿ ಯಾವ ಮನೆಯಲ್ಲಿ ಎಷ್ಟು ನಾಯಿ, ಎಷ್ಟು ಬೆಕ್ಕು, ಯಾರಿಗೂ ಸೇರದ ನಾಯಿಗಳೆಷ್ಟು ಎಂಬ ಪಟ್ಟಿಯನ್ನು ಬರೆದಿಡಬೇಕು. ಪಟ್ಟಿಯಿಲ್ಲದೆ ಹತ್ತರಲ್ಲಿ ಏಳು ಆಯಿತೆ ಇಲ್ಲವೆ ಎಂಬುದು ತಿಳಿಯದು. ಸಂಜೆ ಪಟ್ಟಿಯನ್ನು ನೋಡಿ, ಬಾರದೆ ಉಳಿದ ಮನೆಗಳಿಗೆ ಮರುದಿನ ಹೇಳಿಕಳುಹಿಸಬೇಕು. ಯಾರಿಗೂ ಸೇರದ ನಾಯಿಗಳಿಗೆ ಅನ್ನ ಹಾಕುವವರು ಯಾರಾದರೂ ಇದ್ದೇ ಇರುವರು. ಅವರ ಸಹಾಯದಿಂದ ಅವುಗಳನ್ನೂ ಹಿಡಿಯಬಹುದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಮೇರೆಗೆ ಬೀದಿನಾಯಿಗಳ ಸಂತಾನನಿರೋಧ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯು ಸ್ಥಳೀಯ ಸಂಸ್ಥೆಯದೇ ಆಗಿರುತ್ತದೆ. ಪಶುಚಿಕಿತ್ಸೆಯ ತುರ್ತು ಸಹಾಯಕ್ಕೆ 1962 ಎಂಬ ದೂರವಾಣಿ ಸಂಖ್ಯೆಯುಂಟು. ಅದನ್ನು ಹಾಲಿನ ಸಂಘದ ಗೋಡೆಯ ಮೇಲೂ ಶಾಲೆಯ ಗೋಡೆಯ ಮೇಲೂ ಬರೆಯಿಸುವುದು ಉತ್ತಮ.

ಶಾಲೆಯ ಮಕ್ಕಳಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಿಕೊಡತಕ್ಕದ್ದು. ನಾಯಿ ಪರಚಿದರೂ ಕಚ್ಚಿದರೂ, ತಾವೇ ಅದನ್ನು ಕೆಣಕಿದ್ದರೂ ಸಹ, ಮನೆಯಲ್ಲಿ ಮುಚ್ಚಿಡದೆ ಹೇಳಬೇಕು. ಬೈಗುಳಕ್ಕೆ ಹೆದರಿ ಮಗು ಮುಚ್ಚಿಟ್ಟ ಸಣ್ಣ ಗಾಯವು ಮೂರು ತಿಂಗಳ ಬಳಿಕ ನೀರನ್ನು ಕಂಡು ನಡುಗುವ ರೋಗವಾಗಿ ತೋರಿದರೆ, ಆಗ ತಂದೆತಾಯಿಗಳು ಮಾಡಬಹುದಾದದ್ದು ಏನೂ ಇರುವುದಿಲ್ಲ. ಇಂತಹ ಮಗುವನ್ನು ಬೈಯದೆ ಬಾವಿಕಟ್ಟೆಗೆ ಕರೆದೊಯ್ದು ಗಾಯ ತೊಳೆಯತಕ್ಕದ್ದು.

ಮೇಲ್ಕಂಡ ವಿಷಯಗಳಲ್ಲಿ ರೈತನ ಶಕ್ತಿಗೆ ಮೀರಿದುದು ಯಾವುದೂ ಇಲ್ಲ. ವರ್ಷಕ್ಕೊಂದು ಬೆಳಗ್ಗೆ, ಒಂದು ಹಗ್ಗ, ಒಂದು ಚುಚ್ಚುಮದ್ದು; ಕಚ್ಚಿದರೆ ಸಾಬೂನು, ನೀರು, ಅದೇ ದಿನದ ಆಸ್ಪತ್ರೆ; ಕಚ್ಚಿದ ನಾಯಿಗೆ ಹತ್ತು ದಿವಸದ ಕಟ್ಟು. ಇಷ್ಟನ್ನು ಊರಿನವರೆಲ್ಲರೂ ಒಟ್ಟಾಗಿ ಪಾಲಿಸಿದಲ್ಲಿ ಜಗಲಿಯ ಮೇಲೆ ಮಲಗಿರುವ ನಾಯಿಯು ಊರಿಗೆ ಕಾವಲಾಗಿಯೇ ಉಳಿಯುವುದು.